ಸಯೀದಾ ಮೇಡಂ ಬಿಟ್ಟ ಜಾಗ

ಅಮೆರಿಕದ ಸೀಕಾಕಸ್ ಊರಿನ ಗೋದಾಮುಗಳ ನಡುವಿನ ಪುಟ್ಟ ಸ್ಟುಡಿಯೋದಲ್ಲಿ ಕುಳಿತು, ಮೈಸೂರಿನ ಸಯೀದಾ ಪೆಸಿಫಿಕ್ ಸಾಗರದ ದೂರದ ದ್ವೀಪಗಳ ಮಕ್ಕಳಿಗೆ ಇಂಗ್ಲಿಷಿನಲ್ಲಿ ಲೆಕ್ಕ ಹೇಳಿಕೊಡುತ್ತಾರೆ. ಬಹಳ ವರ್ಷ ಆ ಪಾಠ ಶಾರ್ಟ್‌ವೇವ್ ರೇಡಿಯೋದಲ್ಲಿ ಗೊರಗೊರ ಎನ್ನುತ್ತ ಹೋಗುತ್ತಿತ್ತು. ಏಳಕ್ಕೆ ಆರು ಸೇರಿದರೆ ಎಷ್ಟು ಎಂದು ಕೇಳಿ, ಮಕ್ಕಳು ಉತ್ತರ ಹೇಳಲೆಂದು ಅವರು ಸ್ವಲ್ಪ ಹೊತ್ತು ಸುಮ್ಮನಾಗುತ್ತಿದ್ದರು. ಆಮೇಲೆ "ವೆರಿ ಗುಡ್" ಎನ್ನುತ್ತಿದ್ದರು. ಉತ್ತರ ಬಂತೋ ಇಲ್ಲವೋ ಆ ಅಲ್ಲಾಹನೇ ಬಲ್ಲ. ರೇಡಿಯೋಗೆ ಬಾಯುಂಟು, ಕಿವಿಯಿಲ್ಲ. ಇಷ್ಟು ವರ್ಷವೂ ಗೋಡೆಗೆ ಪಾಠ ಮಾಡಿದೆನೇನೋ ಎಂಬ ಅಳುಕು ಅವರನ್ನು ಬಿಟ್ಟಿರಲಿಲ್ಲ.

ಈ ವರ್ಷ ಪಾಠ ಉಪಗ್ರಹ ಏರಿತು. ಗೊರಗೊರ ಹೋಗಿ ದನಿ ಸ್ವಚ್ಛವಾಯಿತು. ಆದರೆ ಶುರುವಿನಲ್ಲೇ ದ್ವೀಪದ ಮೇಷ್ಟ್ರೊಬ್ಬರ ದೂರು ಬಂತು. ಪ್ರಶ್ನೆ ಕೇಳಿದ ಮೇಲೆ ಎಲ್ಲಿಂದಲೋ ಸಂಗೀತ ಬರುತ್ತದೆ, ಮಕ್ಕಳು ಉತ್ತರ ಬಿಟ್ಟು ಕುಣಿಯುತ್ತಾರೆ!

ಸ್ಟುಡಿಯೋದ ಎಂಜಿನಿಯರ್ ದರ್ಶನ್ ತಲೆ ಕೆರೆದುಕೊಂಡ. "ಆಂಟಿ, ನೀವು ಸುಮ್ನಾದ್ರೆ ಸಿಸ್ಟಮ್ಮು ಲೈನ್ ಕಟ್ಟಾಯ್ತು ಅಂದ್ಕೊಂಡು ಮ್ಯೂಸಿಕ್ ಹಾಕ್ಬಿಡತ್ತೆ. ಆ ಸೆಟ್ಟಿಂಗ್ ನಮ್ ಕೈಲಿಲ್ಲ. ಗ್ಯಾಪ್ ಎಲ್ಲಾ ಎಡಿಟ್ ಮಾಡ್ಬಿಡ್ಲಾ?"

"ಬೇಡಪ್ಪ. ಪಾಠದಲ್ಲಿ ಮಕ್ಕಳಿಗೆ ಅಂತ ಇರೋದೇ ಅಷ್ಟು. ಅದನ್ನೂ ಕಿತ್ಕೊಂಡ್ರೆ ಹೇಗೆ?"

ಹೇಳಿದ್ದೇನೋ ಹೇಳಿಬಿಟ್ಟರು, ದಾರಿ ಮಾತ್ರ ತೋಚಲಿಲ್ಲ. ಮಾರಿಸ್‌ಟೌನಿನ ಮನೆಗೆ ರೈಲಿನಲ್ಲಿ ಹೋಗುವಾಗ ಅವರಿಗೆ ನಾನಿ ನೆನಪಾದರು. ಮೈಸೂರಿನ ಮಂಡಿ ಮೊಹಲ್ಲಾದ ಆ ಅಜ್ಜಿ ಕತೆ ಹೇಳುವಾಗ ಮಕ್ಕಳು ಹೂಂಗುಟ್ಟಲೇಬೇಕಿತ್ತು. ಇಲ್ಲದಿದ್ದರೆ ರಾಜಕುಮಾರನನ್ನು ಕಾಡಿನಲ್ಲೇ ಬಿಟ್ಟು ಮಗ್ಗುಲು ತಿರುಗಿ ಮಲಗಿಬಿಡುತ್ತಿದ್ದರು. ಕೇಳುವವರು ಇದ್ದಾರೆ ಎಂಬುದಕ್ಕೆ ಅವರಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಮರುದಿನ ಸಯೀದಾ ಪ್ರಶ್ನೆ ಕೇಳಿ, ಆ ಬಿಡುವಿನಲ್ಲಿ ಮಗುವಿನ ಮಾತು ಆಲಿಸುವವರ ಹಾಗೆ ಮೆಲ್ಲಗೆ "ಹೂಂ... ಹೂಂ" ಎಂದರು. ಯಂತ್ರ ತೆಪ್ಪಗಾಯಿತು.

ಉಪಗ್ರಹಕ್ಕೆ ಬಾಯಿಯ ಜೊತೆ ಕಿವಿಯೂ ಇತ್ತು. ಕೆಲವು ವಾರದ ಮೇಲೆ ಆ ಮೇಷ್ಟ್ರು ತಮ್ಮ ಕ್ಲಾಸಿನ ಸದ್ದನ್ನೇ ರೆಕಾರ್ಡ್ ಮಾಡಿ ಕಳಿಸಿದರು. ದರ್ಶನ್ ಅದನ್ನು ಹಾಕಿದ. ಸಯೀದಾರದೇ ದನಿ ಪ್ರಶ್ನೆ ಕೇಳಿತು. "ಥರ್ಟೀನ್!" ಎಂದು ಮಕ್ಕಳೆಲ್ಲ ಸೂರು ಹಾರಿಹೋಗುವಂತೆ ಕೂಗಿದರು. ಬೆನ್ನಿಗೇ, ಮೇಡಂಗಿಂತ ಮೊದಲೇ, ಅಷ್ಟೂ ಮಕ್ಕಳು ರಾಗವಾಗಿ "ಹೂಂ... ಹೂಂ" ಎಂದರು.

ದರ್ಶನ್ ಬಿದ್ದು ಬಿದ್ದು ನಕ್ಕ. ಸಯೀದಾರ ಕಣ್ಣು ತುಂಬಿ ಬಂತು. ಎಷ್ಟು ವರ್ಷದ ಭಾರವೋ, ಎದೆಯಿಂದ ಇಳಿಯಿತು.

"ಇನ್ನೊಂದ್ಸಲ ಹಾಕಪ್ಪ," ಎಂದರು.

ಮತ್ತೆ ಪ್ರಶ್ನೆ, ಮತ್ತೆ "ಥರ್ಟೀನ್!" ಈ ಸಲ ಸಯೀದಾ ಉತ್ತರ ಕೇಳಿಸಿಕೊಂಡೇ "ವೆರಿ ಗುಡ್" ಎಂದರು.