ಸುರಭಿಯ ಖೋಖೋ ಪ್ಯಾಂಟು

ಸೊಲ್ಲಾಪುರದ ನವಿ ಪೇಠದ ಹಿಂದಿನ ಓಣಿಯಲ್ಲಿ ದ್ವಾರಕಾಬಾಯಿಯ ಹೊಲಿಗೆಗೆ ಹೆಸರಿತ್ತು. ಹನ್ನೆರಡು ವರ್ಷದಿಂದ ಮಗ್ಗದವರು ಕೊಟ್ಟ ಟವೆಲ್ಲುಗಳ ಅಂಚು ಮಡಚಿ ಹೊಲಿದವಳು. ಎರಡೂ ಕೈಯಿಂದ ಬಿಗಿಯಾಗಿ ಎಳೆದು ಹಿಡಿದಳೆಂದರೆ ಅಂಚು ಗೆರೆ ಹೊಡೆದಂತೆ ಬರುತ್ತಿತ್ತು. ಇಂಥವಳಿಗೂ ಒಂದು ಪ್ಯಾಂಟು ನೀರು ಕುಡಿಸಿತು.

೧೯೯೪ರ ಚಳಿಗಾಲ. ಮಗಳು ಸುರಭಿ ಸಾಲೆಯ ಖೋಖೋ ತಂಡಕ್ಕೆ ಆಯ್ಕೆಯಾಗಿದ್ದಳು. ಭಾನುವಾರ ಅಕ್ಕಲಕೋಟದಲ್ಲಿ ಪಂದ್ಯ. ಬ್ಯಾಂಕಿನಲ್ಲಿ ಕಾರಕೂನನಾಗಿದ್ದ ಗಂಡ ಬಸವರಾಜ ಮಾತ್ರ, "ಚಡ್ಡಿ ಹಾಕ್ಕೊಂಡು ಮಂದಿ ಮುಂದ ಓಡೂದು ಬ್ಯಾಡ. ಪೂರಾ ಪ್ಯಾಂಟ್ ಇದ್ರ ಹೋಗ್ಲಿ, ಇಲ್ಲಂದ್ರ ಮನ್ಯಾಗ ಇರ್ಲಿ," ಎಂದುಬಿಟ್ಟ. ಹುಡುಗಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ದ್ವಾರಕಾಬಾಯಿ ಜಗ್ಗಿದರೆ ಹಿಗ್ಗುವ ನೀಲಿ ಬಟ್ಟೆ ತಂದು, ಕತ್ತರಿಸಿ, ಮಷೀನಿನ ಮುಂದೆ ಕೂತಳು. ಕೈಗೆ ಹತ್ತಿದ ರೂಢಿ ಬಿಡುತ್ತದೆಯೇ? ಟವೆಲ್ಲಿನಂತೆಯೇ ಎಳೆದು ಹೊಲಿದಳು. ಕಾಲುದ್ದಕ್ಕೂ ಹೊಲಿಗೆ ಕರಿದ ಹಪ್ಪಳದ ಅಂಚಿನ ಹಾಗೆ ಸುರುಟಿಕೊಂಡಿತು. ಬಿಚ್ಚಿದಳು. ಈ ಸಲ ಎಳೆಯದೆ, ಬಟ್ಟೆಯಡಿ ಹಳೆಯ ಪೇಪರಿನ ಪಟ್ಟಿ ಇಟ್ಟು ಹೊಲಿದು, ಪೇಪರನ್ನು ಹರಿದು ತೆಗೆದಳು. ನೆಟ್ಟಗೆ ಬಂತು. ಆದರೆ ಸುರಭಿ ಖೋಖೋದಲ್ಲಿ ಕೂರುವಂತೆ ಕುಕ್ಕರಗಾಲಲ್ಲಿ ಕೂತದ್ದೇ ತಡ, ಹಿಂಬದಿಯ ಹೊಲಿಗೆಯ ನೂಲು ಟರ್ರೆಂದು ಹರಿಯಿತು.

"ಅವ್ವಾ, ಬಿಡು. ನಾ ಹೋಗಂಗಿಲ್ಲ," ಎಂದು ಹುಡುಗಿ ಅಳತೊಡಗಿದಳು.

"ಬಿಡಾಕ ಹೊಲಿಯಾಕತ್ತೀನೇನ? ಸುಮ್ಕ ಕೂಡು."

ಬಟ್ಟೆ ಹಿಗ್ಗುತ್ತದೆ, ಮಷೀನಿನ ಹೊಲಿಗೆ ಹಿಗ್ಗುವುದಿಲ್ಲ ಎಂಬುದು ಅವಳಿಗೆ ಈಗ ಹೊಳೆಯಿತು. ಕೂತಾಗ ಜಗ್ಗುವ ಕಡೆಯೆಲ್ಲ ಕೈಯಿಂದಲೇ, ಸೂಜಿಯನ್ನು ತುಸು ಮುಂದೆ ತುಸು ಹಿಂದೆ ಹಾಕುತ್ತ, ನೂಲು ಸಡಿಲ ಬಿಟ್ಟು ಹೊಲಿದಳು. ಮಗಳನ್ನು ಇಪ್ಪತ್ತು ಸಲ ಕೂಡಿಸಿ ಎಬ್ಬಿಸಿದಳು. ನೂಲು ಜಪ್ಪಯ್ಯ ಅನ್ನಲಿಲ್ಲ.

ಭಾನುವಾರ ಮೂವರೂ ಎಸ್‌ಟಿ ಬಸ್ಸಿನಲ್ಲಿ ಅಕ್ಕಲಕೋಟಕ್ಕೆ ಹೋದರು. ಸುರಭಿ ಕೂತಳು, ಎದ್ದಳು, ಓಡಿದಳು. ದ್ವಾರಕಾಬಾಯಿಗೆ ಆಟ ಕಾಣಲಿಲ್ಲ, ಹೊಲಿಗೆಯೊಂದೇ ಕಂಡಿತು. ಕೊನೆಗೆ ಎದುರಾಳಿ ಹುಡುಗಿಯೊಬ್ಬಳನ್ನು ಮುಟ್ಟಲು ಸುರಭಿ ನೆಲಕ್ಕೇ ಹಾರಿದಳು. ಮುಟ್ಟಿಯೂ ಬಿಟ್ಟಳು. ಹೊಲಿಗೆ ಗಟ್ಟಿಯಾಗಿ ನಿಂತಿತು, ಮೊಳಕಾಲ ಮೇಲಿನ ಬಟ್ಟೆಯೇ ಹರಿಯಿತು.

ದ್ವಾರಕಾಬಾಯಿ ತಟ್ಟನೆ ಗಂಡನ ಕಡೆ ನೋಡಿದಳು. ಇನ್ನು ಈ ಆಟ ಸಾಕು ಅಂದೇ ಅನ್ನುತ್ತಾನೆ. ಪಾಪ, ಹುಡುಗಿಗೂ ಅದೇ ಹೆದರಿಕೆ. ಮೊಳಕಾಲನ್ನು ಕೈಯಿಂದ ಮುಚ್ಚಿಕೊಂಡೇ ಅಪ್ಪನ ಮುಂದೆ ಬಂದು ನಿಂತಳು.

ಬಸವರಾಜ ಅವಳ ಕೈ ಸರಿಸಿ, ಬಗ್ಗಿ, ಹರಿದದ್ದನ್ನು ನೋಡಿದ. ಆಮೇಲೆ ಹೆಂಡತಿಯ ಕಡೆ ತಿರುಗಿದ.

"ನಾಳಿ ಪ್ಯಾಂಟಿನ ಅರಬಿ ತರತೀನಿ. ಈ ಸಲ ಎರಡು ಹೊಲಿ. ಪೋರಿ ಹಿಂಗ ಆಡಾಕತ್ತರ ಒಂದು ಸಾಲಂಗಿಲ್ಲ."