ಫ್ಯೂಸು ಯಾರ ಕಿಸೆಯಲ್ಲಿರಬೇಕು

ನಾನು ಕಂಬದ ಮೇಲಿದ್ದೆ. ಕೆಳಗೆ ಟ್ರಾನ್ಸ್‌ಫಾರ್ಮರಿನ ಹತ್ತಿರ, ಲುಂಗಿ ಎತ್ತಿ ಕಟ್ಟಿದ ಯಾರೋ ಒಬ್ಬ, ನಾವು ಕಿತ್ತು ಕಲ್ಲಿನ ಮೇಲಿಟ್ಟಿದ್ದ ಫ್ಯೂಸುಗಳನ್ನು ಎತ್ತಿಕೊಂಡು ಪೆಟ್ಟಿಗೆಯ ಬಾಗಿಲು ತೆಗೆಯುತ್ತಿದ್ದ. ಅವನು ಅವನ್ನು ಒಳಗೆ ಒತ್ತಿದರೆ ನನ್ನ ಕೈಯಲ್ಲಿದ್ದ ತಂತಿಗೆ ಕರೆಂಟು ಬರುತ್ತದೆ. ನಾನು ಅರಚಿದೆ. ಅವನು ತಲೆ ಎತ್ತಿ ನೋಡಿ, ಫ್ಯೂಸನ್ನು ಮತ್ತೆ ಕಲ್ಲಿನ ಮೇಲಿಟ್ಟು, ಗೊಣಗುತ್ತ ಮನೆಗೆ ಹೋದ. ಪಕ್ಕದಲ್ಲೇ ನಿಂತಿದ್ದ ನಮ್ಮ ಗ್ಯಾಂಗಿನವರು ಅವನನ್ನು ತಡೆದಿರಲಿಲ್ಲ. ಇಳಿದು ಬಂದು ಕೂಗಾಡಿದೆ. ಮೇಸ್ತ್ರಿ ಮಾಸ್ತಪ್ಪ ಎಲೆಯಡಿಕೆಯ ಕವಳ ಉಗುಳಿ, "ಎಂತ ಆಗ್ಲಿಲ್ಲ ಅಲ್ದಾ ಮಾರಾಯ? ಮತ್ತೆಂತಕ್ಕೆ ಕೂಗೂದು?" ಎಂದ.

ಭಟ್ಕಳ ತಾಲೂಕಿನಲ್ಲಿ ಅದು ನನ್ನ ಮೊದಲ ದಿನ.

ನಾನು ಯಾಕೆ ಕೂಗಾಡಿದೆ ಎಂದು ನಮ್ಮ ರೋಣದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ನಾನು ಆರನೇ ಇಯತ್ತೆಗೆ ಶಾಲೆ ಬಿಟ್ಟು ಹುಚ್ಚೀರಪ್ಪ ಮೇಸ್ತ್ರಿಯ ಗ್ಯಾಂಗು ಸೇರಿದವನು. ಅವರದು ಒಂದೇ ಕಟ್ಟಳೆ. ಕಂಬ ಹತ್ತುವವನೇ ಫ್ಯೂಸು ಕೀಳಬೇಕು, ತನ್ನ ಕಿಸೆಯಲ್ಲೇ ಇಟ್ಟುಕೊಂಡು ಹತ್ತಬೇಕು, ಕಾಲು ನೆಲಕ್ಕೆ ತಾಗಿದ ಮೇಲೆ ತಾನೇ ಹಾಕಬೇಕು. ಅಲ್ಲಿಯತನಕ ಗೌಡರ ಗಿರಣಿ ನಿಂತರೂ ನಿಲ್ಲಲಿ. ಮರೆತವನನ್ನು ಮೇಸ್ತ್ರಿ ಬೈಯುತ್ತಿರಲಿಲ್ಲ. ಮಧ್ಯಾಹ್ನ ಎಲ್ಲರೂ ರೊಟ್ಟಿ ಬಿಚ್ಚಿ ಕೂತಾಗ ಅವನ ಬುತ್ತಿಯನ್ನು ಎತ್ತಿ ದೂರದ ಗಿಡದ ಬುಡಕ್ಕೆ ಇಡುತ್ತಿದ್ದರು, ಅಷ್ಟೇ. ಒಂದು ಸಲ ಒಬ್ಬನೇ ಕೂತು ಉಂಡವನು ಮತ್ತೆ ಮರೆಯುತ್ತಿರಲಿಲ್ಲ.

ಅಲ್ಲಿ ಕೆಲಸ ಕಡಿಮೆಯಾಯಿತು, ಘಟ್ಟ ಇಳಿದೆ. ಇಲ್ಲಿ ಮಳೆಗಾಲವೆಂದರೆ ಗಾಳಿಗೆ ಮರ ಬೀಳುವುದು, ತಂತಿ ಹರಿಯುವುದು. ಲೈನಿನ ಕೆಲಸಕ್ಕೆ ಬರವಿಲ್ಲ. ಮುರುಡೇಶ್ವರದ ಹತ್ತಿರ ಒಂದು ಕೋಣೆ ಹಿಡಿದೆ. ನಮ್ಮಲ್ಲಿ ಧೂಳು ಜಾಡಿಸಿದರೆ ಹೋಗುತ್ತದೆ. ಇಲ್ಲಿ ಬೂಸ್ಟು, ಒರೆಸಿದಷ್ಟೂ ಬರುತ್ತದೆ. ಸೊಂಟಕ್ಕೆ ಕಟ್ಟುವ ನನ್ನ ಚರ್ಮದ ಪಟ್ಟಿಗೂ ಹಸಿರು ಗಡ್ಡ ಬಂದಿತ್ತು. ಜೋಳದ ರೊಟ್ಟಿ ತಿಂದ ಹೊಟ್ಟೆಗೆ ಕುಚ್ಚಲಕ್ಕಿ ಗಂಜಿ ಕುಡಿಸಿದೆ. ಮೀನಿನ ವಾಸನೆಗೆ ಮೂಗು ಮುಚ್ಚುವುದನ್ನು ಬಿಟ್ಟೆ. ಆದರೂ ನನಗೆ ಹೆಸರಿರಲಿಲ್ಲ. ಘಟ್ಟದ ಮೇಲಿನವ ಎಂದೇ ಕರೆಯುತ್ತಿದ್ದರು.

ಇಲ್ಲಿಯವರ ಬಾಯಲ್ಲಿ ಒಂದು ಮಾತಿದೆ: ಅಡ್ಡಿಲ್ಲ. ಊಟ ಹೇಗಿದೆ ಎಂದರೆ ಅಡ್ಡಿಲ್ಲ, ಜ್ವರ ಹೇಗಿದೆ ಎಂದರೆ ಅಡ್ಡಿಲ್ಲ. ಪರವಾಗಿಲ್ಲ, ನಡೆಯುತ್ತದೆ ಎಂದು ಅರ್ಥ. ಊಟಕ್ಕೂ ಜ್ವರಕ್ಕೂ ಅದು ಸರಿ. ಕಂಬಕ್ಕೂ ಅದೇ ಎಂದರೆ ನನಗೆ ಮೈ ಉರಿಯುತ್ತದೆ. ಫ್ಯೂಸು ಕಲ್ಲಿನ ಮೇಲಿದ್ದರೆ ಅಡ್ಡಿಲ್ಲ. ಕೈಗವಸು ತೂತಾದರೆ ಅಡ್ಡಿಲ್ಲ. ಹಾಗೆಂದು ಇವರೇನು ಕೆಟ್ಟವರಲ್ಲ. ಮಾಸ್ತಪ್ಪನ ಮನೆಗೆ ಹೋಗಿದ್ದಾಗ ನೋಡಿದೆ, ಮೊಮ್ಮಗಳ ಕೈಗೆ ಸಿಗದಂತೆ ಪ್ಲಗ್ಗಿನ ತೂತಿಗೂ ಅಂಟುಪಟ್ಟಿ ಹಚ್ಚಿದ್ದಾನೆ. ಅದೇ ಮನುಷ್ಯ ಗ್ಯಾಂಗಿನ ಮುಂದೆ ನಿಂತರೆ ಬೇರೆ. ಯಾವ ಗ್ಯಾಂಗು ಬೇಗ ಕರೆಂಟು ಕೊಡುತ್ತದೋ ಅದನ್ನು ಕಂಟ್ರಾಕ್ಟರು ಎಲ್ಲರೆದುರು ಹುಲಿಗಳು ಎಂದು ಹೊಗಳುತ್ತಾನೆ. ತಡೆಯಿರಿ ಎಂದವನು ಪುಕ್ಕಲ. ಪುಕ್ಕಲ ಅನ್ನಿಸಿಕೊಳ್ಳುವುದಕ್ಕಿಂತ ಸಾಯುವುದು ಇಲ್ಲಿ ಸುಲಭ.

ಎರಡನೇ ಮಳೆಗಾಲದಲ್ಲಿ ಕಾಯ್ಕಿಣಿಯಲ್ಲಿ ಮರ ಬಿದ್ದು ತಂತಿ ಹರಿಯಿತು. ಗಣಪು ಕಂಬ ಹತ್ತಿದ. ಗಣಪು ಹೊನ್ನಾವರ ಕಡೆಯವನು, ಎರಡು ಮಕ್ಕಳ ತಂದೆ, ನನ್ನನ್ನು ಹೆಚ್ಚು ಆಡಿಕೊಳ್ಳುತ್ತಿದ್ದವನೂ ಅವನೇ. ಫ್ಯೂಸು ಕಿಸೆಗೆ ಹಾಕಿಕೋ ಎಂದರೆ, ನಿನ್ನ ರೊಟ್ಟಿಯನ್ನೂ ಕೊಡು, ಮೇಲೆ ಕೂತು ತಿನ್ನುತ್ತೇನೆ ಎಂದು ನಕ್ಕ. ನಾನೇ ಮೂರು ಫ್ಯೂಸನ್ನೂ ನನ್ನ ಕಿಸೆಗಿಳಿಸಿದೆ.

ಎದುರಿಗೆ ಮೀನಿನ ಅಂಗಡಿ. ಪೆಟ್ಟಿಗೆಯಲ್ಲಿನ ಐಸು ಕರಗುತ್ತಿದೆ ಎಂದು ಅಂಗಡಿಯವನು ಮಾಸ್ತಪ್ಪನ ತಲೆ ತಿನ್ನತೊಡಗಿದ. ಕಂಟ್ರಾಕ್ಟರಿಗೂ ಫೋನು ಹೋಯಿತು, ಅಲ್ಲಿಂದ ಮಾಸ್ತಪ್ಪನಿಗೆ ಬೈಗುಳ ಬಂತು. ಮೇಲೆ ಗಣಪು ತಂತಿ ಬಿಗಿದು ಮುಗಿಸಿ ಇಳಿಯತೊಡಗಿದ್ದ.

"ಇಳೀತಾ ಇದಾನೆ, ಕಾಣೂದಿಲ್ವಾ? ಹಾಕು" ಎಂದ ಮಾಸ್ತಪ್ಪ.

"ನೆಲಕ್ಕ ಕಾಲ ಇಡ್ಲಿ."

"ನಾಳೆಯಿಂದ ನಿಂಗೆ ಕೆಲ್ಸ ಬೇಕಾ ಬ್ಯಾಡ್ವಾ?"

"ಬೇಕು. ಆದ್ರ ಫ್ಯೂಸ್ ಕೊಡಂಗಿಲ್ಲ."

ಅವನು ನನ್ನ ಕಿಸೆಗೆ ಕೈ ಹಾಕಿದ. ನಾನು ಆ ಕೈಯನ್ನು ಹಿಡಿದುಕೊಂಡೆ. ಅಷ್ಟರಲ್ಲಿ ಅರ್ಧ ಇಳಿದಿದ್ದ ಗಣಪು, ತಂತಿ ಬಿಗಿಯುವ ಪಕ್ಕಡನ್ನು ಮೇಲೆ ಮರೆತದ್ದು ನೆನಪಾಗಿ, ಸರಸರ ಮತ್ತೆ ಹತ್ತಿದ. ಒಂದು ಕೈಯಲ್ಲಿ ತಂತಿಯನ್ನೇ ಆಸರೆಗೆ ಹಿಡಿದು, ಇನ್ನೊಂದು ಕೈಯಲ್ಲಿ ಪಕ್ಕಡು ಎತ್ತಿಕೊಂಡ.

ಮಾಸ್ತಪ್ಪ ನನ್ನ ಕಿಸೆಯಿಂದ ಕೈ ಹಿಂದಕ್ಕೆಳೆದುಕೊಂಡ. ಗಣಪು ಇಳಿದು ಬಂದು ಎಲ್ಲರ ಮುಖ ನೋಡಿದ, ಆಮೇಲೆ ನನ್ನ ಕಿಸೆ ನೋಡಿದ. ನಾನು ಹೋಗಿ ಫ್ಯೂಸು ಹಾಕಿದೆ. ನನಗೆ ಧನ್ಯವಾದವಂತೂ ಸಿಗಲಿಲ್ಲ. ಘಟ್ಟದ ಮೇಲಿನವರಿಗೆ ಹಠ ಜಾಸ್ತಿ ಎಂದು ಮಾಸ್ತಪ್ಪ ಅಂಗಡಿಯವನಿಗೆ ಸಮಜಾಯಿಷಿ ಕೊಡುತ್ತಿದ್ದ. ಒಂದು ವಾರ ನನ್ನನ್ನು ಕೆಲಸಕ್ಕೆ ಕರೆಯಲಿಲ್ಲ.

ಕರೆದ ದಿನ ಬೆಳಕೆ ಎಂಬ ಊರಿನಲ್ಲಿ ಕೆಲಸ. ಗಣಪು ತಾನೇ ಫ್ಯೂಸು ಕಿತ್ತು, ಟವೆಲಿನಲ್ಲಿ ಸುತ್ತಿ, ಸೊಂಟಕ್ಕೆ ಕಟ್ಟಿಕೊಂಡು ಹತ್ತಿದ. ಅವನನ್ನು ಯಾರೂ ಪುಕ್ಕಲ ಎನ್ನಲಿಲ್ಲ, ಅವನು ಈ ಕರಾವಳಿಯವನೇ ತಾನೇ. ಈಗ ಉಳಿದವರೂ ಹಾಗೇ ಮಾಡುತ್ತಾರೆ. ಮಾಸ್ತಪ್ಪ ನೋಡಿಯೂ ನೋಡದಂತೆ ಕವಳ ಹಾಕುತ್ತಾನೆ. ನನ್ನ ಹೆಸರು ಮಾತ್ರ ಯಾರೂ ಎತ್ತುವುದಿಲ್ಲ.

ಪಂಚಮಿಗೆ ಊರಿಗೆ ಬಂದಾಗ ಇದನ್ನು ಹೇಳಿಕೊಂಡು ಮೀಸೆ ತಿರುವಬೇಕೆಂದಿದ್ದೆ. ಹುಚ್ಚೀರಪ್ಪ ಮೇಸ್ತ್ರಿ ತೀರಿಕೊಂಡ ಮೇಲೆ ಗ್ಯಾಂಗು ಅವರ ತಮ್ಮನ ಮಗ ಶೇಖಪ್ಪನ ಕೈಗೆ ಬಂದಿದೆ. ಗ್ಯಾಂಗಿನವರು ಹೊಲದ ದಾರಿಯಲ್ಲೇ ಸಿಕ್ಕರು. ಒಬ್ಬ ಕಂಬದ ಮೇಲಿದ್ದ. ಮೂರು ಫ್ಯೂಸು ಕೆಳಗೆ ಕಲ್ಲಿನ ಮೇಲಿದ್ದವು.

ನಾನು ಅವನ್ನು ಎತ್ತಿ ಕಿಸೆಗೆ ಹಾಕಿಕೊಂಡೆ. ಶೇಖಪ್ಪ ನಕ್ಕ.

"ಇಡೊ ಬಸಣ್ಣ. ಘಟ್ಟದ ಕೆಳಗಿನ ಆಟ ಇಲ್ಲಿ ತರಬ್ಯಾಡ. ಏನೂ ಆಗಂಗಿಲ್ಲ."

ಸುತ್ತ ನಿಂತವರಲ್ಲಿ ಇಬ್ಬರು ನನ್ನ ಜೊತೆ ರೊಟ್ಟಿ ಮುರಿದವರು. ಅವರೂ ನಕ್ಕರು. ನಿಮಗೇ ಹೇಳುತ್ತಿದ್ದೇನೆ, ಓದುತ್ತಿದ್ದರೆ ಓದಿ. ಈ ಕಟ್ಟಳೆ ನಮ್ಮ ಮಣ್ಣಿನಲ್ಲೇ ಇದೆ ಎಂದುಕೊಂಡು ನಾನು ಭಟ್ಕಳದಲ್ಲಿ ಎರಡು ವರ್ಷ ಎದೆ ಉಬ್ಬಿಸಿ ನಡೆದೆ. ಅದು ಮಣ್ಣಿನಲ್ಲಿರಲಿಲ್ಲ, ಬುತ್ತಿ ಎತ್ತಿ ದೂರ ಇಡುವ ಒಬ್ಬ ಮುದುಕನ ಕೈಯಲ್ಲಿತ್ತು.

ಕಂಬದ ಮೇಲಿದ್ದವನು ಇಳಿಯುವತನಕ ಅಲ್ಲೇ ನಿಂತೆ. ಅವನು ಇಳಿದ ಮೇಲೆ ಫ್ಯೂಸನ್ನು ಅವನ ಕೈಗೇ ಕೊಟ್ಟೆ. ಮಧ್ಯಾಹ್ನ ಅವರು ಬೇವಿನ ನೆರಳಿನಲ್ಲಿ ಊಟಕ್ಕೆ ಕೂತು ನನ್ನನ್ನೂ ಕರೆದರು. ನಾನು ದಾರಿಗೆಂದು ತಂದಿದ್ದ ನನ್ನ ಬುತ್ತಿ ತೆಗೆದುಕೊಂಡು ಹೋಗಿ ಬೇರೆ ಗಿಡದ ಬುಡದಲ್ಲಿ ಕೂತು ಉಂಡೆ.