ಸಗರದ ಮನೆಯ ಪಡುವಣ ಗೋಡೆ

ಕೆಲಸಕ್ಕೆ ಸೇರಿದಾಗಿನಿಂದ ನಿವೃತ್ತಿಯಾಗುವ ತನಕ ಸರ್ಕಾರಿ ಕಟ್ಟಡಗಳ ನಕ್ಷೆ ಎಳೆದವಳು ನಾನು. ಆಮೇಲೆ ಯಾದಗಿರಿಯಲ್ಲಿ ಸುಮ್ಮನೆ ಕೂತಿರಲಾರದೆ, ಹಳೆಯ ಕಟ್ಟಡಗಳನ್ನು ಕಾಯುವ ಸಮಿತಿಯೊಂದನ್ನು ಸೇರಿಕೊಂಡೆ. ಕಾಯುವುದೆಂದರೆ ದೊಡ್ಡದೇನಲ್ಲ. ಪಟ್ಟಿಯಲ್ಲಿರುವ ಮನೆಯವರು ಏನಾದರೂ ಒಡೆಯಬೇಕು, ಕಟ್ಟಬೇಕು ಎಂದರೆ ಅರ್ಜಿ ಹಾಕಬೇಕು; ನಾವು ಹೋಗಿ ನೋಡಿ ಹೂಂ ಅಥವಾ ಊಹೂಂ ಅನ್ನಬೇಕು. ನಾನು ಊಹೂಂ ಅನ್ನುವುದರಲ್ಲಿ ಹೆಸರುವಾಸಿ. ಹಳೆಯ ಪಡಸಾಲೆಯಲ್ಲಿ ಹೊಳೆಯುವ ಟೈಲ್ಸ್ ಕಂಡರೆ ನನಗೆ ಮೈ ಉರಿಯುತ್ತದೆ.

ಸಗರದ ಆ ಒಕ್ಕಲುತನದ ಮನೆಯ ಅರ್ಜಿ ಬಂದಾಗಲೂ ಉರಿಯಿತು. ಊರಾಚೆ ಹೊಲದ ಅಂಚಿನಲ್ಲಿರುವ ಕಲ್ಲಿನ ಗೋಡೆಯ, ಮಟ್ಟಸ ಮಣ್ಣಿನ ಮಾಳಿಗೆಯ ಮನೆ ಅದು. ಒಳಹೊಕ್ಕರೆ ಮೊದಲು ಎತ್ತು ಕಟ್ಟುವ ಅಂಕಣ, ಅದರಾಚೆ ಮೂರು ಮೆಟ್ಟಿಲೆತ್ತರದಲ್ಲಿ ಪಡಸಾಲೆ. ತಲೆಬಾಗಿಲ ಚೌಕಟ್ಟಿನ ತುಂಬ ಗಿಳಿಗಳು, ಬಳ್ಳಿಗಳು. ಅಂಥ ಕೆತ್ತನೆಯನ್ನು ಶಹಾಪುರ ತಾಲ್ಲೂಕಿನಲ್ಲಿ ನಾನು ಬೇರೆಲ್ಲೂ ಕಂಡಿಲ್ಲ. ಅದನ್ನೇ ಒಡೆದು ಕಬ್ಬಿಣದ ಅಗಲ ಬಾಗಿಲು ಕೂಡಿಸಬೇಕಂತೆ, ಮೆಟ್ಟಿಲು ಕಿತ್ತು ಸಿಮೆಂಟಿನ ಇಳಿಜಾರು ಮಾಡಬೇಕಂತೆ. ಅರ್ಜಿಯ ಕೊನೆಗೆ ಬರೆದಿದ್ದ ಕಾರಣವನ್ನು, ನಿಜ ಹೇಳಬೇಕೆಂದರೆ, ನಾನು ಸರಿಯಾಗಿ ಓದಿರಲೇ ಇಲ್ಲ.

ಕಾರಣ ಪಡಸಾಲೆಯಲ್ಲಿ ಹಗ್ಗ ಹೆಣೆದ ಹೊರಸಿನ ಮೇಲೆ ಕೂತಿತ್ತು. ಮನೆಯ ಯಜಮಾನ, ಐವತ್ತೈದು ದಾಟಿರಬಹುದು. ಮಳೆಗೆ ಮುಂಚೆ ಮಾಳಿಗೆಯ ಮೇಲೆ ಹೊಸ ಮಣ್ಣು ಹರವಿ ಬಡಿಯುವಾಗ ಕಾಲು ಜಾರಿ ಬಿದ್ದು, ಸೊಂಟದ ಕೆಳಗೆ ಸ್ವಾಧೀನವೇ ಹೋಗಿತ್ತು. ಮೂಲೆಯಲ್ಲಿ ಮಡಿಚಿದ ಗಾಲಿಕುರ್ಚಿಯೊಂದು ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದೆ ನಿಂತಿತ್ತು. ಬಿಡಿಸಿದರೆ ಬಾಗಿಲಲ್ಲಿ ಅದು ಹಿಡಿಯುವುದಿಲ್ಲ.

“ಎರಡು ಮಳಿಗಾಲ ಆತ್ರಿ, ಇವರು ಹೊಲದ ಮಾರಿ ನೋಡಿಲ್ಲ,” ಎಂದಳು ಅವರ ಹೆಂಡತಿ. ಅರ್ಜಿಗೆ ಸಹಿ ಹಾಕಿದವಳು ಅವಳೇ. “ಹೊತಗೊಂಡು ಹೋಗೂಣು ಅಂದ್ರ ನಾಕು ಮಂದಿ ಬೇಕು. ಇವರು ಒಲ್ಲೆ ಅಂತಾರ.”

“ಜೀವ ಇರೂತನಾ ನಾಕು ಮಂದಿ ಹೆಗಲು ಯಾಕ್ರಿ?” ಅಂದರು ಯಜಮಾನರು, ನಗುತ್ತಲೇ.

ನನಗೆ ಅಯ್ಯೋ ಅನ್ನಿಸಿತು. ಚೌಕಟ್ಟಿನ ಆಸೆಯೂ ಬಿಡಲಿಲ್ಲ. ಆಗಲೇ ನನ್ನ ಬುದ್ಧಿ ಚುರುಕಾದದ್ದು. ಈ ಮನೆಯನ್ನು ಪಟ್ಟಿಗೆ ಸೇರಿಸುವಾಗ ಅಳತೆ ಮಾಡಿದವಳೂ ನಾನೇ. “ಪಡುವಣ ಗೋಡೆಯಲ್ಲಿ ಹಳೆಯ ಬಾಗಿಲು, ಮುಚ್ಚಲಾಗಿದೆ” ಎಂದು ದಾಖಲೆಯಲ್ಲಿ ಬರೆದದ್ದು ನೆನಪಿತ್ತು. ಆ ಜಾಗ ಸರಿಯಾಗಿ ಯಜಮಾನರ ಹೊರಸಿನ ಹಿಂದೆಯೇ ಇತ್ತು. ಹೊರಸು ಸ್ವಲ್ಪ ಸರಿಸಲೇ ಎಂದೆ. “ಅದು ಅಲ್ಲೇ ಇರ್ಲಿ,” ಎಂದರು ಅವರು, ಮುಖ ಗಂಟು ಹಾಕಿಕೊಂಡು. ನಾನೇ ಬಗ್ಗಿ ಗೋಡೆ ತಟ್ಟಿದೆ. ಉಳಿದೆಲ್ಲ ಕಡೆ ಒಪ್ಪವಾಗಿ ಕಡಿದ ಕಲ್ಲು. ಇಲ್ಲಿ ಮಾತ್ರ ಆಳೆತ್ತರಕ್ಕೆ ಅವಸರದಲ್ಲಿ ತುಂಬಿದ ಚೂರುಗಲ್ಲು, ಮಣ್ಣು.

“ನಿಮ್ಮ ಕೆಲಸ ಆತು,” ಎಂದೆ. “ತಲೆಬಾಗಿಲು ಮುಟ್ಟೂದೇ ಬ್ಯಾಡ. ಇಲ್ಲಿ ಮೊದಲೇ ಬಾಗಿಲ ಇತ್ತು. ತೆರದ್ರ ಸೀದಾ ಹೊಲ; ಆ ಕಡಿ ನೆಲ ಪಡಸಾಲಿ ಸಮಕ್ಕ ಅದ, ಮೆಟ್ಟಲೂ ಇಲ್ಲ. ನಾನೇ ಮಂಜೂರು ಮಾಡಸ್ತೀನಿ.” ಒಳಗೊಳಗೇ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಳು.

“ಅದು ಬಾಕಲ ಅಲ್ರಿ ಅಕ್ಕಾರ,” ಎಂದಳು ಕೊನೆಗೆ. “ನಮ್ಮ ಅತ್ತಿ ಸತ್ತಾಗ ನಕ್ಷತ್ರ ಚಲೋ ಇರಲಿಲ್ಲಂತ. ಅಲ್ಲಿಂದ ಒಯ್ದಾರ.”

ಕೆಟ್ಟ ನಕ್ಷತ್ರದಲ್ಲಿ ಜೀವ ಹೋದರೆ ಹೆಣವನ್ನು ತಲೆಬಾಗಿಲಿನಿಂದ ಒಯ್ಯುವುದಿಲ್ಲ. ಗೋಡೆ ಒಡೆದು ಒಯ್ಯುತ್ತಾರೆ, ಕೂಡಲೇ ಮುಚ್ಚುತ್ತಾರೆ, ಮನೆಗೆ ಬೀಗ ಹಾಕಿ ಕೆಲವು ತಿಂಗಳು ಬೇರೆ ಕಡೆ ಇರುತ್ತಾರೆ. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸುರಪುರದ ನಮ್ಮ ಮನೆಯಲ್ಲಿ ಅಜ್ಜಿಯನ್ನು ಒಯ್ದದ್ದೂ ಹಾಗೆಯೇ. ಏಳು ವರ್ಷದ ನಾನು ನೀರಿನ ಹಂಡೆಯ ಹಿಂದೆ ನಿಂತು ಹಾರೆಯ ಏಟು ಕೇಳಿದ್ದೆ. ಅಡುಗೆಮನೆಗೆ ಒಮ್ಮೆಲೇ ಬಂದ ಬೆಳಕಿಗೆ ಕಣ್ಣು ಮುಚ್ಚಿಕೊಂಡಿದ್ದೆ. ಅಂಥ ಮನೆಯಲ್ಲಿ ಹುಟ್ಟಿದವಳು ಗೋಡೆ ಓದುವುದನ್ನು ಪುಸ್ತಕದಿಂದ ಕಲಿತು, ಹೆಣ ಹೋದ ದಾರಿಗೆ ಹಳೆಯ ಬಾಗಿಲೆಂದು ಬರೆದಿದ್ದೆ! ಬರೆದ ದಿನವೂ ಈ ಮನೆಯವರು ಹೀಗೇ ಸುಮ್ಮನೆ ನಿಂತಿದ್ದರು. ದೊಡ್ಡ ಆಫೀಸಿನವಳಿಗೆ ಯಾರು ತಿದ್ದಿ ಹೇಳಬೇಕು? ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

“ನನಗೇನು ಅಂಜಿಕಿ ಇಲ್ರಿ,” ಎಂದರು ಯಜಮಾನರು. “ಬೇಕಂದ್ರ ತಗೀರಿ.”

“ನನಗ ಅದ,” ಎಂದಳು ಹೆಂಡತಿ. “ಕುರ್ಚಿ ನೂಕಾಕಿ ನಾನು. ದಿನಾ ಮುಂಜಾನೆ ನಿಮ್ಮನ್ನ ಆ ದಾರಿಲೆ ಹೊರಗ ಕಳಸೂದು ನನ್ನ ಕೈಲಿಂದ ಆಗಂಗಿಲ್ಲ.”

ಆ ಮಾತಿಗೆ ಯಾವ ನಿಯಮವೂ ಎದುರು ನಿಲ್ಲುವಂತಿರಲಿಲ್ಲ. ಯಾದಗಿರಿಗೆ ಬಂದು ಹೊಸದಾಗಿ ನಕ್ಷೆ ಎಳೆದೆ. ಚೌಕಟ್ಟನ್ನು ಒಡೆಯದೆ ಇಡಿಯಾಗಿ ಬಿಡಿಸಬೇಕು, ಒಣ ಜಾಗದಲ್ಲಿ ಕಾಪಿಡಬೇಕು. ಅದರ ಜಾಗಕ್ಕೆ ಬೇವಿನ ಮರದ್ದೊಂದು ಅಗಲ ಚೌಕಟ್ಟು. ಮೆಟ್ಟಿಲು ಕೀಳದೆ, ಅದರ ಮೇಲೆ ಬರೀ ಮಣ್ಣಿನಲ್ಲಿ ಚಪ್ಪಡಿ ಹಾಸಿ ಇಳಿಜಾರು, ಬೇಡವಾದಾಗ ತೆಗೆಯಬಹುದು. ಸಭೆಯಲ್ಲಿ ಒಬ್ಬರು, ಊಹೂಂ ಅನ್ನುವವರೇ ಹೂಂ ಅಂದರೆ ಹೇಗೆ ಎಂದು ಕಿಚಾಯಿಸಿದರು. ನಾನು ಜಗಳವಾಡಿದೆ, ಚೆನ್ನಾಗಿಯೇ ಆಡಿದೆ. ಎರಡನೆಯ ಸಭೆಗೆ ಒಪ್ಪಿಗೆ ಸಿಕ್ಕಿತು. ಅಂದೇ ದಾಖಲೆ ತೆಗೆದು ನನ್ನ ಸಾಲಿಗೆ ಗೀಟು ಎಳೆದು, “ಬಾಗಿಲಲ್ಲ, ತೆರೆಯಬಾರದು” ಎಂದು ಬರೆದು ಸಹಿ ಹಾಕಿದೆ.

ಕೆಲಸ ಮುಗಿದ ಮೇಲೆ ನೋಡಲು ಹೋದೆ. ಬಿಡಿಸಿಟ್ಟ ಗಿಳಿಯ ಚೌಕಟ್ಟು ಅಂಕಣದ ಗೋಡೆಗೆ ಒರಗಿತ್ತು. ಅದರ ಹೊಸ್ತಿಲಿಗೆ ಆಕೆ ಅಂದು ಬೆಳಿಗ್ಗೆಯೂ ಅರಿಶಿನ ಕುಂಕುಮ ಹಚ್ಚಿದ್ದಳು. ಯಜಮಾನರು ಹೊಲದ ಬದುವಿನ ತನಕ ಹೋಗಿ ಬಂದಿದ್ದರು. ಹತ್ತಿಯ ಸಾಲಿನಲ್ಲಿ ಮಗ ಸರಿಯಾಗಿ ಎಡೆ ಹೊಡೆದು ಕಳೆ ತೆಗೆದಿಲ್ಲವೆಂದು ಬೈದೂ ಬಂದಿದ್ದರು. ನನಗೆ ಬಹಳ ಸಂತೋಷವಾಯಿತು.

ಆಕೆ ಹೊರಸನ್ನು ಆಗಲೇ ತಲೆಬಾಗಿಲ ಎದುರು ತಂದು ಹಾಕಿದ್ದಳು. “ಆ ಮೂಲ್ಯಾಗ ಗಾಳಿ ಇಲ್ಲ, ಬೆಳಕಿಲ್ಲ. ಇನ್ನ ಇಲ್ಲೇ ಮಲಗ್ರಿ,” ಎಂದಳು.

“ಬ್ಯಾಡ, ಅಲ್ಲೇ ಹಾಕು,” ಎಂದರು ಅವರು. ಆಮೇಲೆ ನನ್ನ ಕಡೆ ತಿರುಗಿ, “ಅವ್ವನ್ನ ಒಯ್ದಾಗ ನನಗ ಆರು ವರ್ಷರಿ. ಅಕಿಗೆ ತಿರುಗಿ ದಾರಿ ಸಿಗಬಾರದು ಅಂತ ಗ್ವಾಡಿ ಮುಚ್ಚಿದ್ರು. ಒಂದ ವ್ಯಾಳೆ ಅಕಿ ಬಂದು ಬಡದ್ರ ಯಾರಿಗೆ ಕೇಳಸ್ತದ ಅಂತ ನಾ ಅಲ್ಲೇ ಮಲಗಾಕ ಸುರು ಮಾಡಿದೆ,” ಎಂದರು.

ಹೆಂಡತಿ ಅವರ ಮುಖವನ್ನೇ ನೋಡಿದಳು. ಮದುವೆಯಾಗಿ ಬಂದಂದಿನಿಂದ ಆ ಮೂಲೆಯಲ್ಲೇ ಮಲಗುವ ಗಂಡನನ್ನು ಕಂಡವಳು. ಕಾರಣ ಕಿವಿಗೆ ಬಿದ್ದದ್ದು ಅಂದೇ ಮೊದಲು. ಆಮೇಲೆ ಬಗ್ಗಿ ಹೊರಸಿನ ಒಂದು ತುದಿ ಹಿಡಿದಳು. ಇನ್ನೊಂದು ತುದಿಯನ್ನು ನಾನು ಹಿಡಿದೆ. ಹೊತ್ತುಕೊಂಡು ಹೋಗಿ, ಪಡುವಣ ಗೋಡೆಗೆ ತಾಗುವಷ್ಟು ಹತ್ತಿರ ಇಟ್ಟೆವು.